ಬಾಯಿ ನೋಡು, ಬಾಲ ನೋಡು

ಆದೋನಿ,
ಶುಕ್ರವಾರ, ೮ ಫೆಬ್ರವರಿ ೧೯೫೭

ಪ್ರೀತಿಯ ಪಂಪಾ,

ನಿನ್ನ ತಾತ ಗುರುಪಾದಯ್ಯನ ತುಂಬು ಮನಸ್ಸಿನ ಆಶೀರ್ವಾದ. ಹೋದ ಕಾಗದದಲ್ಲಿ ನೆಗಡಿ, ಗಂಟಲುನೋವು ಎಂದು ಬರೆದಿದ್ದೆಯಲ್ಲ, ಈಗ ಹೇಗಿದ್ದೀಯ? ಮದ್ರಾಸಿನ ಸಮುದ್ರದ ಗಾಳಿ ನಮ್ಮಂಥ ಒಣನೆಲದವರ ಮೈಗೆ ಒಗ್ಗುವುದು ನಿಧಾನ. ಓದಲು ಕೂತಾಗ ಕಿಟಕಿ ಮುಚ್ಚಿಕೋ, ತಲೆಗೆ ಸೆರಗು ಹೊದ್ದುಕೋ. ಹಾಸ್ಟೆಲಿನ ಸಾರಿನಲ್ಲಿ ಹುಣಸೆಹಣ್ಣು ಹೆಚ್ಚು ಎಂದು ನೀನು ಬರೆದದ್ದನ್ನು ಓದಿ ಹೇಳಿದ್ದೇ ತಡ, ನಿನ್ನ ಅಜ್ಜಿ ಮೆಣಸು, ಶುಂಠಿ, ಬೆಲ್ಲ ಕುಟ್ಟಿ ಉಂಡೆ ಕಟ್ಟಿಟ್ಟಿದ್ದಾಳೆ. ಮದ್ರಾಸಿಗೆ ಹೋಗುವವರು ಯಾರಾದರೂ ಸಿಕ್ಕರೆ ಕಳಿಸುತ್ತೇನೆ. ನನ್ನ ಮೊಣಕಾಲು ಹೇಗಿತ್ತೋ ಹಾಗೇ ಇದೆ. ಬೀದಿಯಲ್ಲಿ ಬೆಳಗಿನಿಂದ ಎಲೆಕ್ಷನ್ ಜೀಪುಗಳು ಕೂಗುತ್ತ ತಿರುಗುತ್ತಿವೆ. ಒಂದು ತೆಲುಗಿನಲ್ಲಿ ಕೂಗಿ ಹೋದರೆ ಅದರ ಹಿಂದೆ ಇನ್ನೊಂದು ಕನ್ನಡದಲ್ಲಿ ಕೂಗುತ್ತ ಬರುತ್ತದೆ, ಎರಡೂ ಒಂದೇ ಮಾತು ಹೇಳುತ್ತವೆ.

ಈ ಕಾಗದಕ್ಕೆ ಬೆಳಿಗ್ಗೆಯೇ ಕೂತವನು ನಾನು. ಎರಡು ಸಾಲು ಬರೆಯುತ್ತೇನೆ, ಎದ್ದು ಹೋಗಿ ಮೀನಿನ ಗಾಜಿನ ತೊಟ್ಟಿಯ ಮುಂದೆ ನಿಲ್ಲುತ್ತೇನೆ, ಮತ್ತೆ ಬಂದು ಕೂರುವ ಹೊತ್ತಿಗೆ ಲೇಖಣಿಯ ಮಸಿ ಒಣಗಿರುತ್ತದೆ. ನಮ್ಮ ಅಂಗಡಿಯ ಗುಮಾಸ್ತ ಮಾರಣ್ಣ ಹತ್ತಿಯ ಮಾದರಿ ತೆಗೆದುಕೊಂಡು ಮುಂಬಯಿಗೆ ಹೋಗಿದ್ದನಲ್ಲ, ಇವತ್ತು ಬೆಳಗಿನ ಗಾಡಿಗೆ ಬಂದ. ಕೈಯಲ್ಲಿ ತಗಡಿನ ಡಬ್ಬಿ, ಡಬ್ಬಿಯಲ್ಲಿ ಮುತ್ತಿನ ಗೌರಾಮಿ ಮೀನಿನ ಜೋಡಿ. ಸೊಲ್ಲಾಪುರದಲ್ಲಿ ಹತ್ತಿದ ಯಾರೋ ದಪ್ಪ ಮನುಷ್ಯ ಅದನ್ನು ಎಣ್ಣೆ ಡಬ್ಬಿ ಎಂದುಕೊಂಡು ಅದರ ಮೇಲೆ ಕಾಲಿಟ್ಟು ನಿದ್ದೆ ಹೋಗಿದ್ದನಂತೆ. ಅವನನ್ನು ಎಬ್ಬಿಸುವ ಧೈರ್ಯವಿಲ್ಲದೆ ಮಾರಣ್ಣ ವಾಡಿಯವರೆಗೂ ಡಬ್ಬಿ ಉರುಳದ ಹಾಗೆ ಕೈಯಲ್ಲಿ ಒತ್ತಿ ಹಿಡಿದು ಕೂತಿದ್ದನಂತೆ. ನೀನು ಹೇಳಿಕೊಟ್ಟ ಹಾಗೆಯೇ ಡಬ್ಬಿಯನ್ನು ಮೊದಲು ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟೆ. ಎರಡೂ ನೀರಿನ ಬಿಸಿ ಒಂದಾಯಿತು ಎನ್ನಿಸಿದ ಮೇಲೆ ಮೆಲ್ಲಗೆ ಬಗ್ಗಿಸಿದೆ. ಮೀನು ಹೊರಗೆ ಬಂದವು, ಬಂದ ಕೂಡಲೇ ಗಿಡದ ಹಿಂದೆ ಹೋಗಿ ಅಡಗಿದವು. ಅಲ್ಲಿಂದ ಇನ್ನೂ ಹೊರಬಿದ್ದಿಲ್ಲ. ಹಳೆಯ ಮೀನುಗಳಲ್ಲಿ ಕರಿ ಮೋಲಿ ಒಂದು ಆ ಕಡೆಗೇ ಸುಳಿದಾಡುತ್ತಿದೆ. ಸ್ನೇಹಕ್ಕೋ ಜಗಳಕ್ಕೋ ಗೊತ್ತಾಗದು. ತಾಳು, ನೋಡಿ ಬರುತ್ತೇನೆ.

ಇನ್ನೂ ಅಲ್ಲೇ ಇವೆ. ಹೆಣ್ಣು ಮೂಲೆಗೆ ಒತ್ತಿಕೊಂಡಿದೆ.

ನೀನು ಬೇಸಿಗೆಯಲ್ಲಿ ಈ ತೊಟ್ಟಿಯನ್ನು ತಂದು ಪಡಸಾಲೆಯಲ್ಲಿಟ್ಟಾಗ ಅಜ್ಜಿ ಮಾಡಿದ ರಂಪ ನೆನಪಿದೆಯೇ? "ಲಿಂಗಪೂಜಿ ಮಾಡೋ ಮನ್ಯಾಗ ಮೀನ ಇಟ್ಕೊಂಡ್ರ ಮಠದೋರು ಏನಂತಾರ?" ಎಂದು ಎರಡು ದಿನ ಊಟ ಬಿಟ್ಟಿದ್ದಳು. ಈಗ ಅವಕ್ಕೆ ಹಿಟ್ಟು ಹಾಕದೆ ತಾನು ಊಟಕ್ಕೆ ಕೂರುವುದಿಲ್ಲ. ಹುರಿಗಡಲೆ ಹಿಟ್ಟೊಂದನ್ನೇ ತಿಂದರೆ ಮೀನು ಸೊರಗುತ್ತವೆ, ಸೊಳ್ಳೆಮರಿ ಬೇಕು ಎಂದು ನೀನು ಬರೆದಾಗ, ಒಂದು ಜೀವ ಉಳಿಸಲು ಇನ್ನೊಂದು ಜೀವ ತೆಗೆಯುವುದು ಹೇಗೆ ಎಂದು ನಾನು ಕೈಕಟ್ಟಿ ಕೂತೆ. ಆಕೆಯೇ ದಾರಿ ತೋರಿಸಿದಳು: "ಮಲೇರಿಯಾದೋರು ಮನಿಮನಿಗಿ ಬಂದು ಮದ್ದು ಹೊಡದು ಕೊಲ್ತಾರಲ್ರೀ, ಅವರಿಗಿಲ್ಲದ ಪಾಪ ನಮಗ್ಯಾಕ?" ಹಿತ್ತಿಲ ಕಲ್ಲುಬಾನಿಯಲ್ಲಿ ನಿಂತ ನೀರಿನಿಂದ ಈಗ ಆಕೆಯೇ ಸೊಳ್ಳೆಮರಿಯನ್ನು ಬಟ್ಟಲಲ್ಲಿ ಮೊಗೆದು ತಂದು ಹಾಕುತ್ತಾಳೆ.

ಡಿಸೆಂಬರಿನಲ್ಲಿ ನಾನು ಮಾಡಿದ ಅವಾಂತರದಲ್ಲಿ ಅರ್ಧ ಮಾತ್ರ ನಿನಗೆ ಬರೆದಿದ್ದೆ. ನೀನು ಬಿಟ್ಟುಹೋದ ಗಪ್ಪಿ, ಮೋಲಿ, ಕತ್ತಿಬಾಲಗಳು ತಮ್ಮ ಪಾಡಿಗೆ ಸುಖವಾಗಿದ್ದವು. ಆದರೆ ನೋಡಲು ಬಂದವರೆಲ್ಲ ಇನ್ನೂ ದೊಡ್ಡವು ಇಲ್ಲವೇ, ಬಣ್ಣದವು ಇಲ್ಲವೇ ಎಂದು ಕೇಳಿ ಕೇಳಿ ನನಗೂ ಆಸೆ ಹುಟ್ಟಿತು. ಚೆಂದ ಇರುವ ಮೀನು ತಾ ಎಂದು ಮಾರಣ್ಣನಿಗೆ ಹೇಳಿದೆ. ಅವನು ರೇಷ್ಮೆಯ ಎಳೆಯಂಥ ಉದ್ದ ರೆಕ್ಕೆಯ ಏಂಜಲ್ ಒಂದನ್ನೂ ಹುಲಿಪಟ್ಟೆಯ ಬಾರ್ಬು ಮೂರನ್ನೂ ತಂದ. ನೀನು ತೊಟ್ಟಿಯ ಮುಂದೆ ನನ್ನನ್ನು ಮಗುವಿನ ಹಾಗೆ ಕೂರಿಸಿಕೊಂಡು ಹೇಳಿದ್ದೆ: "ತಾತಾ, ಚಂದ ನೋಡಿ ಮೀನ ತರಬ್ಯಾಡ. ಬಾಯಿ ನೋಡು, ಬಾಲ ನೋಡು. ಒಂದರ ಬಾಯಾಗ ಇನ್ನೊಂದು ಹಿಡಸ್ತೈತಿ ಅಂದ್ರ ಇವತ್ತಲ್ಲ ನಾಳೆ ನುಂಗತೈತಿ. ಉದ್ದ ಬಾಲದ್ದನ್ನ ಕಚ್ಚೋ ಮೀನಿನ ಜತಿ ಬಿಡಬ್ಯಾಡ. ಗುಂಪಿನ ಮೀನನ್ನ ಎರಡು ಮೂರು ತರಬ್ಯಾಡ, ಗುಂಪ ತಾ. ಇಲ್ಲಂದ್ರ ಅವು ಮಂದೀ ಮ್ಯಾಲ ಬೀಳ್ತಾವ." ಅಷ್ಟೂ ಕೇಳಿದ್ದೆ, ಹೂಂ ಎಂದಿದ್ದೆ, ಆಸೆ ಬಂದಾಗ ಎಲ್ಲ ಮರೆತೆ. ಸಂಜೆಯೊಳಗೆ ಆ ಬಾರ್ಬುಗಳು ಏಂಜಲಿನ ರೆಕ್ಕೆಯನ್ನು ಹರಿದ ಪರದೆಯ ಹಾಗೆ ಮಾಡಿದ್ದವು. ಅಜ್ಜಿ ಬಂದು ನೋಡಿ, "ಹೆಣ್ಣಿನ ಸೆರಗ ಹಿಡದು ಎಳಿಯಾಕ ಹತ್ತ್ಯಾವಲ್ರೀ ಈ ಪೋಕ್ರಿಗಳು! ಮೊದಲು ತಗದು ಹೊರಗ ಹಾಕ್ರಿ," ಎಂದು ಕೂಗಾಡಿದಳು. ಬಾರ್ಬುಗಳನ್ನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಿಗೆ ಕೊಟ್ಟೆ. ಅಲ್ಲಿ ಅವುಗಳ ಜಾತಿಯವೇ ಇನ್ನಷ್ಟು ಸೇರಿ ಈಗ ತಮ್ಮತಮ್ಮಲ್ಲೇ ಓಡಾಡಿಕೊಂಡಿವೆಯಂತೆ, ಯಾರ ತಂಟೆಗೂ ಹೋಗುವುದಿಲ್ಲವಂತೆ.

ಏಂಜಲಿನ ರೆಕ್ಕೆ ತಿರುಗಿ ಬೆಳೆಯಿತು. ರೆಕ್ಕೆಯ ಜೊತೆ ಬಾಯಿಯೂ ಬೆಳೆಯಿತು. ಗಪ್ಪಿ ಮರಿಗಳು ಒಂದೊಂದಾಗಿ ಕಾಣೆಯಾದಾಗ ನನಗೆ ನಿನ್ನ ಮೊದಲ ಪಾಠ ನೆನಪಿಗೆ ಬಂತು. ಉಳಿದ ಗಪ್ಪಿಗಳನ್ನೆಲ್ಲ ಹಿಡಿದು ಹಿತ್ತಿಲ ಇನ್ನೊಂದು ಕಲ್ಲುಬಾನಿಗೆ ಬಿಟ್ಟೆ. ಈಗ ತೊಟ್ಟಿಯಲ್ಲಿ ಏಂಜಲ್, ಮೋಲಿ, ಕತ್ತಿಬಾಲ, ಇವತ್ತಿನಿಂದ ಈ ಗೌರಾಮಿಗಳು. ಯಾರ ಬಾಯಿಗೂ ಯಾರೂ ಹಿಡಿಸುವುದಿಲ್ಲ. ಈ ಸಲ ಮಾರಣ್ಣನನ್ನು ಕಳಿಸುವ ಮೊದಲು ನಿನಗೆ ಬರೆದು ಕೇಳಿ, ನಿನ್ನ ಉತ್ತರವನ್ನು ಅವನಿಗೆ ಓದಿ ಹೇಳಿ ಕಳಿಸಿದೆ. ಆದರೂ ಗಳಿಗೆಗೊಮ್ಮೆ ಎದ್ದು ಹೋಗಿ ನೋಡುತ್ತೇನೆ. ಮೀನಿನ ಸಲುವಾಗಿ ಇಷ್ಟು ತಳಮಳವೇ ಎಂದು ನೀನು ನಗುತ್ತೀಯ. ಮೀನಿನ ಸಲುವಾಗಿ ಮಾತ್ರ ಅಲ್ಲ, ಪಂಪಾ. ನಿನಗೆ ಯಾರೂ ಬರೆಯದ ಒಂದು ಸಂಗತಿ ಇದೆ. ಬರೆಯಲೋ ಬೇಡವೋ ಎಂದು ಹದಿನೈದು ದಿನದಿಂದ ಲೇಖಣಿ ಎತ್ತಿ ಇಡುತ್ತಿದ್ದೇನೆ.

ನಿನ್ನ ಮದುವೆಯ ಮಾತು ನಡೆದಿದೆ. ಗುಂತಕಲ್ಲಿನ ಎಣ್ಣೆ ಗಿರಣಿಯವರು. ನಮ್ಮವರೇ, ಜಂಗಮರು, ಅಯ್ಯನವರ ಮನೆತನ. ಹುಡುಗನ ಹೆಸರು ರಾಚಯ್ಯ. ಡಿಸೆಂಬರಿನಲ್ಲಿ ಹಿರಿಯರ ಜೊತೆ ಮನೆ ನೋಡಲು ಬಂದಿದ್ದ, ನಿನ್ನ ಫೋಟೋ ನೋಡಿಕೊಂಡು ಹೋದ. ನಿನ್ನ ಅಪ್ಪ ಚನ್ನಬಸಯ್ಯನಿಗೆ ಅವರ ಜೊತೆ ಸೇರಿ ಹತ್ತಿಬೀಜದ ಎಣ್ಣೆಯ ಗಿರಣಿ ಹಾಕುವ ಆಸೆಯಿದೆ. ಆದರೆ ಅದಕ್ಕಾಗಿಯೇ ನಿನ್ನನ್ನು ಕೊಡುತ್ತಿದ್ದಾನೆ ಎಂದು ತಿಳಿಯಬೇಡ, ಅವನು ಅಂಥವನಲ್ಲ. ಹುಡುಗ ನೋಡಲು ಲಕ್ಷಣವಾಗಿದ್ದಾನೆ, ಕಾಲು ಮುಟ್ಟಿ ನಮಸ್ಕಾರ ಮಾಡಿದ, ತಾತ ತಾತ ಎಂದು ಬಾಯಿ ತುಂಬ ಮಾತಾಡಿಸಿದ. ನಿಜ ಹೇಳಬೇಕೆಂದರೆ ನನಗೂ ಹಿಡಿಸಿದ. ಪಡಸಾಲೆಯಲ್ಲಿ ಎಲ್ಲರೂ ದರ, ಮಳೆ, ಎಲೆಕ್ಷನ್ ಎಂದು ಮಾತಿಗೆ ಕೂತರೆ ಅವನೊಬ್ಬ ಎದ್ದು ಬಂದು ಗೋಡೆಯ ಗೂಡಿನಲ್ಲಿಟ್ಟಿದ್ದ ಗಾಜಿನ ಭರಣಿಯ ಮುಂದೆ ನಿಂತ.

ಆ ಭರಣಿಯಲ್ಲಿ ಇದ್ದದ್ದು ಕೆಂಪು ಫೈಟರ್ ಮೀನು. ಅದೂ ಏಂಜಲಿನ ಜೊತೆಗೇ ಬಂದದ್ದು. ದಾಸವಾಳದ ಕೆಂಪು, ರೆಕ್ಕೆ ಬಿಚ್ಚಿದರೆ ಭರಣಿ ತುಂಬ ಹೂವು ಬಿರಿದ ಹಾಗೆ. ಗಂಡು ಫೈಟರನ್ನು ಒಂಟಿಯಾಗಿ ಇಡಬೇಕು ಎಂದು ಮುಂಬಯಿಯ ಅಂಗಡಿಯವನು ಒತ್ತಿ ಹೇಳಿದ್ದನಂತೆ, ಆ ಒಂದು ಮಾತನ್ನು ಮಾತ್ರ ಮಾರಣ್ಣ ನೆನಪಿಟ್ಟುಕೊಂಡು ಬಂದಿದ್ದ. ನಾನು ರಾಚಯ್ಯನಿಗೆ ಅದನ್ನೇ ವಿವರಿಸಿದೆ. ಇದಕ್ಕೆ ಬೇರೆ ಯಾರನ್ನು ಕಂಡರೂ ಅಷ್ಟು ಸಿಟ್ಟಿಲ್ಲಪ್ಪಾ, ತನ್ನಂಥದೇ ಇನ್ನೊಂದು ಗಂಡನ್ನು ಕಂಡರೆ ಮಾತ್ರ ಆಗದು, ಇಬ್ಬರನ್ನೂ ಒಂದೇ ನೀರಿಗೆ ಬಿಟ್ಟರೆ ಒಬ್ಬರು ಸಾಯುವವರೆಗೂ ಬಿಡುವುದಿಲ್ಲ ಎಂದೆ. "ಸಾಯೋತನಾನೂ ಬಿಡಂಗಿಲ್ಲೇನು ತಾತ?" ಎಂದು ಮತ್ತೆ ಮತ್ತೆ ಕೇಳಿದ. ಎಷ್ಟು ಆಸಕ್ತಿ ಈ ಹುಡುಗನಿಗೆ, ನಮ್ಮ ಪಂಪಾಳಿಗೆ ಸರಿಯಾದ ಜೊತೆ ಎಂದು ಮನಸ್ಸಿನಲ್ಲೇ ಹಿಗ್ಗಿದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಸೋಮವಾರ ಇಬ್ಬರು ಗೆಳೆಯರನ್ನು ಕಾರಿನಲ್ಲಿ ಕೂರಿಸಿಕೊಂಡು ಮತ್ತೆ ಬಂದ. ಕೈಯಲ್ಲಿ ಒಂದು ಸೀಸೆ, ಅದರಲ್ಲಿ ನವಿಲುಗರಿಯ ಬಣ್ಣದ ನೀಲಿ ಫೈಟರ್. "ತಾತಾ, ನಿಮಗ ಅಂತ ತಂದೀನಿ," ಎಂದ. ನನಗೆ ಆದ ಸಂತೋಷ ಹೇಳತೀರದು. ಅದಕ್ಕೆ ಬೇರೊಂದು ಭರಣಿ ತೊಳೆದು, ನೀರು ತುಂಬಿ, ಗೂಡಿನ ಇನ್ನೊಂದು ಬದಿಗಿಟ್ಟೆ. ಒಂದನ್ನೊಂದು ನೋಡಿ ಕೆರಳದಿರಲಿ ಎಂದು ನಡುವೆ ಒಂದು ರಟ್ಟು ನಿಲ್ಲಿಸಿದೆ. ರಟ್ಟು ಯಾಕೆ ಎಂದು ಕೇಳಿದ. ಅದನ್ನೂ ಹೇಳಿದೆ. ಆಮೇಲೆ ನಾನು ಸ್ನಾನ ಮಾಡಿ ಮಧ್ಯಾಹ್ನದ ಪೂಜೆಗೆ ಒಳಗೆ ಹೋದೆ.

ವಿಭೂತಿ ಹಚ್ಚಿಕೊಂಡು ಲಿಂಗವನ್ನು ಕೈಯಲ್ಲಿ ಹಿಡಿದಿದ್ದೆನಷ್ಟೆ, ಪಡಸಾಲೆಯಲ್ಲಿ ಗದ್ದಲ ಎದ್ದಿತು. ಅವನ ಗೆಳೆಯರು ತೆಲುಗಿನಲ್ಲಿ "ಕೊಟ್ರಾ! ವದಲೊದ್ದು!" ಎಂದು ಕೂಗುತ್ತಿದ್ದರು. ಹೊಡಿ, ಬಿಡಬೇಡ ಎಂದು. ಕೋಳಿ ಪಂದ್ಯದ ಕಣದಲ್ಲಿ ಕೇಳುವ ಕೂಗು ಅದು, ನಮ್ಮ ಮನೆಯಲ್ಲಿ ನಾನು ಎಂದೂ ಕೇಳಿದ್ದಲ್ಲ. ಅದರ ನಡುವೆ ನಿನ್ನ ಅವ್ವ ಗುರುಲಿಂಗಮ್ಮನ ದನಿ ಕೇಳಿಸಿತು: "ಬ್ಯಾಡ್ರಪಾ, ತಗೀರಿ, ಸಾಯ್ತಾವು." ಅದಕ್ಕೆ ರಾಚಯ್ಯ, "ನೀವು ಒಳಗ ನಡೀರೆವ್ವಾ. ಹೆಣ್ಮಕ್ಳು ನೋಡಾದಲ್ಲ ಇದು," ಎಂದ. ಕಾಫಿಯ ತಟ್ಟೆ ಹಿಡಿದು ತನ್ನ ಮನೆಯ ಪಡಸಾಲೆಯಲ್ಲಿ ನಿಂತಿದ್ದವಳಿಗೆ, ನಾಳೆ ಅವನಿಗೇ ಅತ್ತೆಯಾಗುವವಳಿಗೆ ಆಡಿದ ಮಾತು. ಅವಳು ತಟ್ಟೆ ಅಲ್ಲೇ ಇಟ್ಟು ಒಳಗೆ ಹೋದಳು. ನಿನ್ನ ಅಪ್ಪ ಅಲ್ಲೇ ಕುರ್ಚಿಯಲ್ಲಿ ಕೂತಿದ್ದ.

ಪೂಜೆಯ ನಡುವೆ ಎದ್ದವನಲ್ಲ ನಾನು. ಅವತ್ತು ಎದ್ದೆ. ಒದ್ದೆ ಪಂಚೆಯಲ್ಲೇ ಹೊರಗೆ ಬಂದು ನೋಡಿದರೆ ನೀಲಿಯನ್ನು ತಂದು ಕೆಂಪಿನ ಭರಣಿಗೆ ಸುರಿದಿದ್ದಾರೆ. ನೀರಿನಲ್ಲಿ ಹುರುಪೆ, ಹರಿದ ರೆಕ್ಕೆಯ ಚೂರು ತೇಲುತ್ತಿದ್ದವು. ಎರಡೂ ಬಾಯಿಗೆ ಬಾಯಿ ಕಚ್ಚಿ ಹಿಡಿದು ಬುಗುರಿಯ ಹಾಗೆ ಸುತ್ತುತ್ತಿದ್ದವು. ಕೈ ಹಾಕಿ ಬಿಡಿಸಿದೆ. ಕೆಂಪು ಆಗಲೇ ಒಂದು ಬದಿಗೆ ವಾಲಿತ್ತು. ದೀಪ ಹಚ್ಚುವ ಹೊತ್ತಿಗೆ ಸತ್ತುಹೋಯಿತು. ನೀಲಿ ಬದುಕಿದೆ, ಒಂದು ಕಣ್ಣು ಹೋಗಿದೆ. ನನ್ನ ಮುಖ ನೋಡಿ ಗೆಳೆಯರು ಹಿಂದೆ ಸರಿದರು. ರಾಚಯ್ಯ ಮಾತ್ರ ನಗುತ್ತ ನನ್ನ ಹೆಗಲ ಮೇಲೆ ಕೈಯಿಟ್ಟು, "ಮೀನಲ್ರೀ ತಾತ, ಮುಂದಿನ ಸಲ ಬರುವಾಗ ಇನ್ನೊಂದು ತರ್ತೀನಿ ಬಿಡ್ರಿ," ಎಂದ. ಆಮೇಲೆ ಹೋಳಿಗೆ ಊಟ ಮಾಡಿ, ನಿನ್ನ ಅಜ್ಜಿಯ ಕಾಲಿಗೂ ನಮಸ್ಕಾರ ಮಾಡಿ ಹೋದ. ಊಟದಲ್ಲಿ ಎರಡು ಸಲ ತುಪ್ಪ ಕೇಳಿ ಹಾಕಿಸಿಕೊಂಡ.

ಅವನಿಗೆ ಗೊತ್ತಿಲ್ಲದೆ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ, ಪಂಪಾ. ಗೊತ್ತಿಲ್ಲದೆ ನಾನೂ ಏಂಜಲಿನ ರೆಕ್ಕೆ ಹರಿಸಿದವನೇ. ಅವನಿಗೆ ನಾನೇ ಹೇಳಿದ್ದೆ, ಹೀಗೆ ಮಾಡಿದರೆ ಹೀಗಾಗುತ್ತದೆ ಎಂದು. ಹಾಗೆ ಆಗುವುದನ್ನು ನೋಡಲಿಕ್ಕೆಂದೇ ನೀಲಿಯನ್ನು ಕೊಂಡು ತಂದ. ನಾನು ಪೂಜೆಗೆ ಹೋಗುವವರೆಗೆ ಕಾದ. ಅವತ್ತಿನಿಂದ ನನಗೆ ಕೂತರೆ ಸಮಾಧಾನವಿಲ್ಲ, ನಿಂತರೆ ಸಮಾಧಾನವಿಲ್ಲ. ಪಡಸಾಲೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಪಡಸಾಲೆಗೆ ತಿರುಗುತ್ತೇನೆ. "ಏನ್ರೀ, ನೆಲ ಸವಿಸ್ತೀರೇನು?" ಎನ್ನುತ್ತಾಳೆ ಅಜ್ಜಿ.

ಆ ಸಂಜೆಯೇ ನಿನ್ನ ಅಪ್ಪನ ಹತ್ತಿರ ಮಾತು ತೆಗೆದೆ. ಈ ಸಂಬಂಧ ನನಗೆ ಯಾಕೋ ಬೇಡವೆನಿಸುತ್ತದೆ ಎಂದೆ. "ಅಪ್ಪಾ, ಎರಡು ಮೀನಿನ ಸಲುವಾಗಿ ಇಂಥಾ ಮನೆತನ ಬಿಡಾಕ ಆಗತೈತೇನು? ಹರೇದ ಹುಡುಗ, ಆಟ ಆಡ್ಯಾನ," ಎಂದ. ಆಟವಲ್ಲ ಅದು, ನಿನ್ನ ಹೆಂಡತಿಗೆ ಅವನು ಏನಂದ ಕೇಳಿಸಲಿಲ್ಲವೇ ಎಂದೆ. "ಕೇಳಸ್ತು. ಎಲ್ಲಾರ ಮನ್ಯಾಗೂ ಗಂಡಸ್ರು ಹಂಗ ಅಂತಾರಪಾ," ಎಂದ. ಆಮೇಲೆ ಎದೆಯೊಳಗಿದ್ದದ್ದನ್ನೆಲ್ಲ ಹೊರಗೆ ಹಾಕಿದ: "ಬಳ್ಳಾರಿ ಕಡೀ ನಮ್ಮ ಬೀಗರೆಲ್ಲಾ ಆ ಮೈಸೂರು ರಾಜ್ಯಕ್ಕ ಹೋದ್ರು. ಈ ಕಡೀ ನಮಗ ಯಾರದಾರ? ನಾಳೆ ನಾನೂ ನೀನೂ ಇಲ್ಲಂದ್ರ ಆಕೀನ ನೋಡೋರ್ಯಾರು? ಕಪ್ಪಿ ಕೊಯ್ಯೋ ಪಾಠ ಓದಿದ ಹುಡುಗೀನ ಯಾವ ಅಯ್ಯನೋರ ಮನಿಯೋರು ಮಾಡ್ಕೊಂತಾರ? ಇವರಾಗೇ ಕೇಳ್ಕೊಂಡು ಬಂದಾರ." ನಿನ್ನ ಅಪ್ಪ ನಿನಗೆ ಕೇಡು ಬಯಸುವವನಲ್ಲ ಎಂದು ನೀನು ನಂಬಬೇಕು. ಅವನಿಗೆ ಹೆದರಿಕೆ. ಆಂಧ್ರ ಬೇರೆಯಾದ ಮೇಲೆ ಊರು ಇದ್ದಲ್ಲೇ ಇದೆ, ನಾವು ಇದ್ದಲ್ಲೇ ಇದ್ದೇವೆ; ಆದರೂ ಅವನಿಗೆ ಮನೆಯ ಗೋಡೆ ಒಂದು ಕಡೆಯಿಂದ ಬಿದ್ದುಹೋದಂತೆ ಕಾಣುತ್ತದೆ. ಹತ್ತಿಯ ಗಿರಣಿ, ಅಂಗಡಿ ಎಲ್ಲವನ್ನೂ ಅವನ ಕೈಗೆ ಕೊಟ್ಟು ನಾನು ಮೀನು ನೋಡುತ್ತ ಕೂತವನು. ಯಾವ ಬಾಯಲ್ಲಿ ಅವನಿಗೆ ಇದು ಮಾಡು, ಅದು ಬಿಡು ಎನ್ನಲಿ?

ಅಜ್ಜಿಯನ್ನು ಕೇಳಿದೆ. "ನಿಮಗ ಹಿಡಸೋದು, ಬಿಡೋದು ಇರ್ಲಿ. ಹುಡುಗೀನ ಕೇಳೀರೇನು?" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮನಸ್ಸಿನಲ್ಲಿ ಏನಿದೆ? ನೀನು ಓದು ಮುಗಿಸಿ ನಿನ್ನ ಪ್ರಾಣಿಶಾಸ್ತ್ರದ ಪ್ರೊಫೆಸರಮ್ಮನ ಕೈಕೆಳಗೆ ಇನ್ನೆರಡು ವರ್ಷ ಓದಬೇಕೆಂದಿದ್ದೆ. ಈಗಲೂ ಅದೇ ಇಚ್ಛೆಯೋ? ಅಥವಾ ಮನೆ, ಮದುವೆ ಎಂದು ಮನಸ್ಸಾಗಿದ್ದರೆ ಅದನ್ನೂ ಸಂಕೋಚವಿಲ್ಲದೆ ಬರೆ. ರಾಚಯ್ಯನನ್ನು ನೀನೇ ನೋಡಿ ಮಾತಾಡಿ ತೀರ್ಮಾನಿಸುತ್ತೇನೆ ಎಂದರೆ ಅದಕ್ಕೂ ನಾನು ಅಡ್ಡ ಬರುವುದಿಲ್ಲ. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದ್ದೇನೆ, ಬಣ್ಣ ಹಚ್ಚಿಲ್ಲ. ಪರೀಕ್ಷೆಗೆ ಮೊದಲು ನಿನ್ನ ತಲೆಯಲ್ಲಿ ಇಂಥದೊಂದು ಹುಳ ಬಿಡಬಾರದು ಎಂದು ಒಂದು ಮನಸ್ಸು ಹೇಳುತ್ತದೆ. ನಿನ್ನ ಬದುಕಿನ ಮಾತನ್ನು ನಿನ್ನಿಂದಲೇ ಮುಚ್ಚಿಡುವುದು ಯಾವ ನ್ಯಾಯ ಎಂದು ಇನ್ನೊಂದು ಮನಸ್ಸು ಹೇಳುತ್ತದೆ. ಈ ಎರಡರ ನಡುವೆ ನಾನು ಹಣ್ಣಾಗಿದ್ದೇನೆ.

ನಡುವೆ ಎದ್ದು ಹೋದವನು ಈ ಸಲ ಬಹಳ ಹೊತ್ತು ಬರಲಿಲ್ಲ. ಗೌರಾಮಿ ಹೊರಗೆ ಬಂದಿವೆ! ಮೊದಲು ಗಂಡು ಬಂತು. ಮೀಸೆಯಂಥ ಎರಡು ಎಳೆಗಳನ್ನು ಮುಂದೆ ಚಾಚಿ, ಕತ್ತಲಲ್ಲಿ ಗೋಡೆ ತಡವುವವರ ಹಾಗೆ ಕಲ್ಲು, ಗಿಡ, ಗಾಜು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿತು. ಎದುರಿಗೆ ಬಂದ ಕರಿ ಮೋಲಿಯನ್ನೂ ಹಾಗೆಯೇ ಮುಟ್ಟಿತು. ಮೋಲಿ ಒಂದು ಗಳಿಗೆ ನಿಂತು, ತನ್ನ ದಾರಿ ಹಿಡಿದು ಹೋಯಿತು. ಅಷ್ಟೇ. ಆಮೇಲೆ ಹೆಣ್ಣೂ ಬಂತು. ಏಂಜಲ್ ಅವುಗಳ ಪಕ್ಕದಲ್ಲೇ ಹಾದುಹೋದರೂ ತಿರುಗಿ ನೋಡಲಿಲ್ಲ. ಅಜ್ಜಿ ಬಟ್ಟಲಿನಿಂದ ಸೊಳ್ಳೆಮರಿ ಹಾಕಿದಳು. ಎಲ್ಲ ಒಟ್ಟಿಗೆ ಮೇಲೆ ಬಂದು ತಿಂದವು. ಈಗ ತೊಟ್ಟಿಯಲ್ಲಿ ಓಡಾಟವಿದೆ, ಅಟ್ಟಾಟವಿಲ್ಲ. ಒಕ್ಕಣ್ಣಿನ ನೀಲಿ ತನ್ನ ಭರಣಿಯಲ್ಲಿ ಒಂಟಿಯಾಗಿ ನೀರಿನ ಮೇಲೆ ಗುಳ್ಳೆಗಳ ಗೂಡು ಕಟ್ಟುತ್ತಿದೆ. ಅದರ ಮೇಲೆ ನನಗೆ ಸಿಟ್ಟಿಲ್ಲ, ಅದು ತನ್ನ ಸ್ವಭಾವದಂತೆ ನಡೆಯಿತು. ಇಷ್ಟಾದರೂ ನನ್ನ ಕಾಲು ಒಂದು ಕಡೆ ನಿಲ್ಲುತ್ತಿಲ್ಲ. ನಿನ್ನ ಉತ್ತರ ಬರುವವರೆಗೆ ಹೀಗೇ ಇರುತ್ತದೋ ಏನೋ.

ವೇಳೆಗೆ ಸರಿಯಾಗಿ ಉಣ್ಣು. ಹ್ಯಾಗಾದರೂ ಎರಡು ಹೊತ್ತು ಮಜ್ಜಿಗೆ ಕುಡಿ. ನಿನ್ನ ಜೊತೆಯ ಹುಡುಗಿಯರಿಗೆ, ನಿನಗೆ ಔಷಧಿ ತಂದುಕೊಟ್ಟ ಆ ಮಲಯಾಳದ ಮಗುವಿಗೆ ವಿಶೇಷವಾಗಿ, ನನ್ನ ಹರಕೆ ತಿಳಿಸು. ಅಜ್ಜಿ ವೀರಬಸಮ್ಮನ ಆಶೀರ್ವಾದ ಇದರ ಜೊತೆಗೇ ಸೇರಿದೆ. ತನ್ನದನ್ನು ಬೇರೆಯಾಗಿ ಬರೀರಿ ಎಂದಳು, ಬರೆಯಲು ಜಾಗವಿಲ್ಲ ಎಂದು ಸುಳ್ಳು ಹೇಳಿದ್ದೇನೆ. ಬಸವಣ್ಣ ನಿನ್ನ ಕೈಹಿಡಿದು ನಡೆಸಲಿ.

ನಿನ್ನ ಒಳಿತನ್ನೇ ಬಯಸುವ ತಾತ,
ಗುರುಪಾದಯ್ಯ

ತಾ. ಕ.: ಕಾಗದ ಮಡಿಸುತ್ತಿದ್ದೆ, ನಿನ್ನ ಅವ್ವ ಬಂದು ನಿಂತಳು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ನನ್ನೆದುರು ನೇರ ನಿಂತು ಮಾತಾಡಿದವಳಲ್ಲ. "ಮಾವಾ, ಸೋಮವಾರ ಪಂಪಾಗ ತಂತಿ ಕೊಡಸ್ತಾರಂತ. ಅಜ್ಜಿಗಿ ಭಾಳ ಜಡ್ಡಾಗೈತಿ, ಲಗೂನ ಹೊಂಟು ಬಾ ಅಂತ. ಬಂದ ಮ್ಯಾಲ ಬೇಸ್ತವಾರ ನಿಶ್ಚಯ ಮಾಡಿಬಿಡ್ತಾರಂತ. ತಿರುಗಿ ಕಳಸಂಗಿಲ್ಲಂತ," ಎಂದಳು. ನಿನ್ನ ಅಪ್ಪ ಮಾರಣ್ಣನಿಗೆ ಹೇಳುತ್ತಿದ್ದುದನ್ನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳಂತೆ. ಆದ್ದರಿಂದ ಮೇಲೆ ಬರೆದದ್ದೆಲ್ಲ ಆಮೇಲೆ. ಮೊದಲು ಇದನ್ನು ಓದು. ಬರಬೇಡ. ಯಾವ ತಂತಿ ಬಂದರೂ ಪರೀಕ್ಷೆ ಮುಗಿಯುವವರೆಗೆ ಅಲ್ಲಿಂದ ಕದಲಬೇಡ. ಹಾಸ್ಟೆಲಿನ ಅಮ್ಮನವರು ಕಳಿಸುತ್ತೇನೆಂದರೆ ಈ ಕಾಗದವನ್ನೇ ಓದಿ ಹೇಳು. ಅಜ್ಜಿಗೆ ಏನೂ ಆಗಿಲ್ಲ. "ನನ್ನ ಜೀವಾನ ಸುಳ್ಳಿಗಿ ಕೊಡಾಕ ಅವನ್ಯಾರು? ಮಗ ಆದ್ರ ಏನಾತು!" ಎಂದು ಒನಕೆ ಬಿಸಾಡಿ ಎದ್ದು ಬಂದು ಇಲ್ಲೇ ನಿಂತಿದ್ದಾಳೆ. ನಿನ್ನ ಅಪ್ಪನ ಹತ್ತಿರ ಇವತ್ತೇ ನಾನು ಮಾತಾಡುತ್ತೇನೆ, ಆ ಜಗಳ ನಮ್ಮಿಬ್ಬರದು, ನೀನು ಅದರಲ್ಲಿ ಬೀಳಬೇಡ. ಮಾರಣ್ಣನ ಕೈಗೆ ಇದನ್ನು ಕೊಡುವುದಿಲ್ಲ. ಜಟಕಾ ಕರೆಸಿದ್ದೇನೆ, ನಾನೇ ಸ್ಟೇಷನ್ನಿಗೆ ಹೋಗಿ ಮದ್ರಾಸ್ ಮೇಲ್ ಗಾಡಿಯ ಅಂಚೆ ಡಬ್ಬಿಗೆ ಹಾಕುತ್ತೇನೆ. ನಮ್ಮಲ್ಲಿ ಯಾರಿಗಾದರೂ ನಿಜವಾಗಿಯೇ ಏನಾದರೂ ಆದರೆ ತಂತಿಯಲ್ಲಿ ಊರಮ್ಮ ಎಂಬ ಹೆಸರು ಇರುತ್ತದೆ. ಅದು ನಿನ್ನ ಅಜ್ಜಿಗೆ ತವರಿನಲ್ಲಿ ಇಟ್ಟ ಹೆಸರು. ಮದುವೆಯ ದಿನ ನಮ್ಮ ತಾಯಿ ಅದನ್ನು ಬದಲಿಸಿದರು. ಅವತ್ತಿನಿಂದ ಈ ಮನೆಯಲ್ಲಿ ಯಾರೂ, ನಾನೂ, ಆಕೆಯನ್ನು ಹಾಗೆ ಕರೆದಿಲ್ಲ, ನಿನ್ನ ಅಪ್ಪನಿಗೆ ಅದು ಗೊತ್ತೇ ಇಲ್ಲ. ಈಗ ಆಕೆಯೇ ಬಾಯಿಬಿಟ್ಟು, ಇದನ್ನ ಬರೀರಿ ಎಂದಳು. ಆ ಹೆಸರಿಲ್ಲದ ತಂತಿ ಬಂದರೆ ಹರಿದುಹಾಕಿ ಓದಲು ಕೂತುಕೋ.